ಮುನಿಯಲ್ಲಪ್ಪನವರ ಮನೆಯ ಅರಿವೇಣಿ

"ಅಕ್ಕಾ, ನೀನೇ ಹೋಗಿ ಹೇಳ್ಬಿಡು. ನಾನು ಹೇಳಿದ್ರೆ ಒರಟಾಗುತ್ತೆ," ಎಂದ ನನ್ನ ತಮ್ಮ ಕೋದಂಡರಾಮಪ್ಪ.

ಹೇಳಬೇಕಾಗಿದ್ದುದು ಒಂದೇ ಮಾತು. ಅವನ ಮೊಮ್ಮಗಳು ಮೇಘನಳ ಮದುವೆಗೆ ಈ ಸಲ ಕುಂಬಾರರ ಮನೆಯಿಂದ ಗಡಿಗೆ ತರುವುದಿಲ್ಲ ಎಂದು.

ಯಲ್ದೂರಿನ ನಮ್ಮ ಮನೆಯಲ್ಲಿ ಯಾರ ಮದುವೆಯಾದರೂ ಧಾರೆಯ ಹಿಂದಿನ ದಿನ ಹೆಂಗಸರು ವಾಲಗ ಮುಂದಿಟ್ಟುಕೊಂಡು ಕುಂಬಾರ ಮುನಿಯಲ್ಲಪ್ಪನವರ ಮನೆಗೆ ಹೋಗುತ್ತಾರೆ. ಸುಣ್ಣ, ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಗಡಿಗೆಗಳನ್ನು ಅಲ್ಲಿಂದ ತಲೆಯ ಮೇಲೆ ಹೊತ್ತು ತರುತ್ತಾರೆ. ಒಂದು ದೊಡ್ಡದು, ಅದರ ಹಿಂದೆ ಚಿಕ್ಕವು. ಅರಿವೇಣಿ ಎನ್ನುವುದು ಇವುಗಳನ್ನೇ. ಇವು ಬಂದು ಚಪ್ಪರದ ಕೆಳಗೆ ಕೂತ ಮೇಲೆಯೇ ಉಳಿದ ಶಾಸ್ತ್ರಗಳೆಲ್ಲ.

ಆದರೆ ಹೋದ ದೀಪಾವಳಿಯ ಹೊತ್ತಿಗೆ ಮುನಿಯಲ್ಲಪ್ಪನವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಚಕ್ರ ನಿಂತಿತ್ತು. ಹೂವಿನ ಅಲಂಕಾರದ ಸುರೇಶ ಬಣ್ಣದ ಗಡಿಗೆಗಳನ್ನೂ ತಾನೇ ಬೆಂಗಳೂರಿನಿಂದ ತಂದುಕೊಡುತ್ತೇನೆ ಎಂದಿದ್ದ. ನನ್ನ ತಮ್ಮನಿಗೆ ಅದು ಸುಲಭವಾಗಿ ಕಂಡಿತ್ತು.

ಅದೇ ದಿನ ನಾನು ಮುನಿಯಲ್ಲಪ್ಪನವರ ಕೇರಿಗೆ ಲಗ್ನಪತ್ರಿಕೆ ಹಂಚಲು ಹೊರಟಿದ್ದೆ. ಹೇಗೂ ಹೋಗುತ್ತಿದ್ದೇನಲ್ಲ, ಹೇಳಿಬಿಟ್ಟರಾಯಿತು ಎಂದುಕೊಂಡೆ.

ಮುನಿಯಲ್ಲಪ್ಪನವರು ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದರು. ಅವರ ಹೆಂಡತಿ ಮುತ್ಯಾಲಮ್ಮ ಒಳಗಿನಿಂದ ಸ್ಟೂಲು ತಂದು, ಸೆರಗಿನಿಂದ ಒರೆಸಿ, ನನಗೆ ಬಿಸಿಲು ಬೀಳದ ಕಡೆ ಹಾಕಿದರು. ಮೂಲೆಯಲ್ಲಿ ಚಕ್ರವನ್ನು ಗೋಡೆಗೆ ಒರಗಿಸಿ ಗೋಣಿಚೀಲ ಹೊದಿಸಿತ್ತು.

"ಹೆಂಗಿದಾರೆ ಇವರು?" ಎಂದು ಮೆಲ್ಲಗೆ ಕೇಳಿದೆ.

"ಏನು ಹೇಳ್ಲಿ ಅಮ್ಮಾ. ದಿನಾ ಹಿಂಗೇ ರೋಡ್ ನೋಡ್ಕೊಂಡು ಕೂತಿರ್ತಾರೆ. ಮೇಘನಮ್ಮನ ಮದ್ವೆ ಅಂತ ಊರೆಲ್ಲಾ ಮಾತು, ನಮ್ಮನೆ ಕಡೆ ಯಾರೂ ಬರ್ಲಿಲ್ಲವಲ್ಲ ಅಂತ. ಬೇರೆಯೋರೆಲ್ಲ ಆಗ್ಲೇ ಅಂಗಡೀಲಿ ತರೋಕೆ ಶುರು ಮಾಡವ್ರೆ. ನಿಮ್ಮನೆಯೋರೂ ಬಿಟ್ರೆ ಇನ್ನು ಈ ಬಾಗಿಲಿಗೆ ವಾಲಗ ಬರೋದಿಲ್ಲ. ಅಲ್ಲಿಗೆ ನಮ್ಮ ಮನೆ ಕುಂಬಾರ್ರ ಮನೆ ಅಲ್ಲ ಅಂತಾನೇ ಆಯ್ತು, ಅಲ್ವಾ?"

ಮುನಿಯಲ್ಲಪ್ಪನವರು ನಮ್ಮ ಕಡೆ ತಿರುಗಲಿಲ್ಲ. ಆದರೆ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅವರ ಕತ್ತು ಹೇಳುತ್ತಿತ್ತು.

ಮೊದಲು ಪತ್ರಿಕೆ ಕೊಡೋಣ, ಆಮೇಲೆ ಮೆಲ್ಲಗೆ ವಿಷಯ ತೆಗೆದರಾಯಿತು ಎಂದು ಚೀಲಕ್ಕೆ ಕೈ ಹಾಕಿದೆ. ಪತ್ರಿಕೆಯನ್ನು ಬರಿಗೈಲಿ ಕೊಡಬಾರದು ಎಂಬುದು ನಮ್ಮ ತಾಯಿ ಕಲಿಸಿದ ಅಭ್ಯಾಸ. ವೀಳ್ಯದೆಲೆ, ಅಡಿಕೆ, ಒಂದು ಬಾಳೆಹಣ್ಣು ಇಟ್ಟು ಮೇಲೆ ಪತ್ರಿಕೆ ಇಟ್ಟು ಮುಂದೆ ಚಾಚಿದೆ. ಆ ಕೇರಿಯ ಪ್ರತಿ ಮನೆಯಲ್ಲೂ ಹಾಗೆಯೇ ಕೊಟ್ಟುಕೊಂಡು ಬಂದಿದ್ದೆ.

ಮುತ್ಯಾಲಮ್ಮ ಸೆರಗೊಡ್ಡಿ ತೆಗೆದುಕೊಂಡರು. ಕಣ್ಣಿಗೆ ಒತ್ತಿಕೊಂಡರು. ಸೀದಾ ಮೂಲೆಗೆ ಹೋಗಿ ಗೋಣಿಚೀಲ ಎಳೆದು, ಎಲೆ ಅಡಿಕೆಯನ್ನು ಚಕ್ರದ ಬುಡದಲ್ಲಿ ಇಟ್ಟರು. ಮುನಿಯಲ್ಲಪ್ಪನವರು ಗೋಡೆ ಹಿಡಿದುಕೊಂಡು ಎದ್ದು ನಿಂತರು.

"ಆಗ್ಲಿ ತಾಯಿ," ಎಂದರು. ಮಾತು ಸ್ವಲ್ಪ ತೊದಲುತ್ತಿತ್ತು. "ಮಾಡ್ಕೊಡ್ತೀವಿ."

ಆಗ ನನಗೆ ಹೊಳೆಯಿತು. ಬೇರೆ ಮನೆಗೆ ತಾಂಬೂಲ ಕೊಟ್ಟರೆ ಅದು ಕರೆಯುವುದು. ಮದುವೆ ಗೊತ್ತಾದ ಮನೆಯವರು ಕುಂಬಾರರ ಮನೆಗೆ ತಾಂಬೂಲ ಕೊಟ್ಟರೆ ಅದು ಗಡಿಗೆ ಮಾಡಿಕೊಡಿ ಎಂದು ಒಪ್ಪಿಸುವುದು. ನಾನು ಬೇಡವೆನ್ನಲು ಹೋದವಳು ಒಪ್ಪಿಸಿಬಿಟ್ಟಿದ್ದೆ. ಎದ್ದು ನಿಂತ ಆ ಮನುಷ್ಯನನ್ನು ಮತ್ತೆ ಕೂರಿಸುವ ಮಾತು ನನ್ನಿಂದ ಆಗಲಿಲ್ಲ. ಕಾಫಿ ಕುಡಿದು ಬಂದೆ.

ಸುದ್ದಿ ಕೇಳಿ ಕೋದಂಡರಾಮಪ್ಪ ಮೊದಲು ಕೆಮ್ಮು ಬರುವಷ್ಟು ನಕ್ಕ.

"ಬಿ.ಎ. ಓದಿದ್ದು ದಂಡ ಕಣೇ ಅಕ್ಕ! ಬೇಡ ಅನ್ನೋಕೆ ಕಳ್ಸಿದ್ರೆ ತಾಂಬೂಲ ಕೊಟ್ಟು ಬಂದ್ಯಾ?" ಆಮೇಲೆ ಅವನ ಮುಖ ಗಂಭೀರವಾಯಿತು. "ಆ ಕೈಲಿ ಅವರು ಏನು ಮಾಡ್ತಾರೆ? ವಾಲಗ ಕರ್ಕೊಂಡು ಹೋಗಿ ಖಾಲಿ ತಲೇಲಿ ವಾಪಸ್ ಬಂದ್ರೆ ಊರು ಏನನ್ನುತ್ತೆ? ಅಪಶಕುನ ಅಲ್ವಾ?"

ಮೇಘನಳ ತಾಯಿ, ಅವನ ಸೊಸೆ ವಾಣಿಶ್ರೀ, ಅವರೆಕಾಯಿ ಬಿಡಿಸುತ್ತಾ ಅಲ್ಲೇ ಕೂತಿದ್ದಳು. "ಮಾವ, ಒಂದು ಮನೆಗೆ ತಾಂಬೂಲ ಹೋದ ಮೇಲೆ ಇನ್ನೊಂದು ಕಡೆ ಗಡಿಗೆ ತರೋದು ಅದಕ್ಕಿಂತ ಕೆಟ್ಟದ್ದು," ಎಂದಳು. ತಲೆ ಎತ್ತದೆಯೇ ಹೇಳಿದಳು. ನನ್ನನ್ನು ಪಾರುಮಾಡಲು ಹೇಳಿದ್ದು ಎಂದು ನನಗೆ ಗೊತ್ತಾಯಿತು.

ಕೊನೆಗೆ ತಮ್ಮ ಒಂದು ಕಟ್ಟು ಹಾಕಿದ. "ಸರಿ. ಧಾರೆ ಹಿಂದಿನ ದಿನ ಬೆಳಿಗ್ಗೆ ನಾನೇ ಹೋಗಿ ನೋಡ್ತೀನಿ. ಒಂದು ಕಮ್ಮಿ ಇದ್ರೂ ಅಲ್ಲಿಂದ್ಲೇ ಸುರೇಶನಿಗೆ ಫೋನ್ ಮಾಡ್ತೀನಿ."

ನಾನಿರುವುದು ಶ್ರೀನಿವಾಸಪುರದಲ್ಲಿ. ನನ್ನ ಮನೆಗೂ ಹಿದಾಯತುಲ್ಲಾ ಸಾಹೇಬರ ಮನೆಗೂ ನಡುವೆ ಒಂದೇ ಗೋಡೆ. ಅವರದು ಮಾವಿನ ಮಂಡಿ. ಹಣ್ಣು ಬರುವ ತನಕ ಮಂಡಿ ಖಾಲಿ ಬಿದ್ದಿರುತ್ತದೆ. ಅದರ ಒಂದು ಮೂಲೆಯಲ್ಲಿ ಅವರ ಮೊಮ್ಮಗಳು ಸಿದ್ರಾ ಕರೆಂಟಿನಲ್ಲಿ ತಿರುಗುವ ಚಕ್ರ ಇಟ್ಟುಕೊಂಡು ಲೋಟ, ತಟ್ಟೆ, ಬೋಗುಣಿ ಮಾಡುತ್ತಾಳೆ. ಪಿಂಗಾಣಿ ಕೆಲಸವನ್ನೇ ಕಾಲೇಜಿನಲ್ಲಿ ಓದಿದವಳು. ಅವಳು ಕೊಟ್ಟ ನೀಲಿ ಲೋಟದಲ್ಲಿಯೇ ನಾನು ದಿನಾ ಕಾಫಿ ಕುಡಿಯುವುದು.

ಗಡಿಗೆ ಎತ್ತಿಕೊಡಲು ಅವಳನ್ನು ಯಲ್ದೂರಿಗೆ ಕಳಿಸುತ್ತೀರಾ ಎಂದು ಕೇಳಲು ಹೋದೆ. ಅವಳ ಅಜ್ಜಿ ಖುರ್ಷೀದ್ ಬೇಗಂ ನನ್ನ ಕಥೆಯನ್ನೆಲ್ಲ ಕೇಳಿ, ತಟ್ಟೆಯಲ್ಲಿದ್ದ ಖರ್ಜೂರವನ್ನು ನನ್ನ ಕಡೆ ತಳ್ಳಿದರು.

"ಸಿದ್ರಾನ ಕಳಿಸೋದು ದೊಡ್ಡ ಮಾತಲ್ಲ ಅನಸೂಯಮ್ಮ. ಆದ್ರೆ ನಮ್ಮ ಹುಡುಗಿ ಕೈ ತಾಗಿದ ಗಡಿಗೇನ ನಿಮ್ಮೋರು ಶಾಸ್ತ್ರಕ್ಕೆ ಇಟ್ಕೋತಾರಾ? ಆಮೇಲೆ ಯಾರಾದ್ರೂ ಒಂದು ಮಾತು ಅಂದ್ರೆ ಮಗು ಮನಸ್ಸು ನೋಯುತ್ತೆ. ಮೊದ್ಲೇ ಕೇಳ್ಬಿಡಿ."

ನ್ಯಾಯವಾದ ಮಾತು. ಅವರ ಎದುರಿಗೇ ವಾಣಿಶ್ರೀಗೆ ಫೋನು ಮಾಡಿದೆ. "ದೊಡ್ಡತ್ತೆ, ಮುನಿಯಲ್ಲಪ್ಪನೋರ ಮನೇಲಿ ಆಗ್ಲಿ, ಅವರ ಬಾಗಿಲಿಂದ ಬರ್ಲಿ. ನನಗೆ ಅಷ್ಟು ಸಾಕು. ಮಾವನಿಗೆ ನಾನು ಹೇಳ್ಕೋತೀನಿ," ಎಂದಳು.

ಮಾರನೆಯ ದಿನ ಮುತ್ಯಾಲಮ್ಮನ ಮಗ ಕದಿರೇಶ ಹಾಲಿನ ವ್ಯಾನಿನಲ್ಲಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ನನ್ನ ಮೊಣಕಾಲು ನೋವು ನೆನಪಿಟ್ಟುಕೊಂಡು ಹಂಪ್ ಬಂದಲ್ಲೆಲ್ಲ ವ್ಯಾನನ್ನು ಇರುವೆಯಂತೆ ನಡೆಸಿದ. ಡೇರಿಯ ಕೆಲಸ ಮಾಡುವ ಅವನು ಅಪ್ಪನ ಕಸುಬು ಕಲಿತಿರಲಿಲ್ಲ.

"ನಂಗೆ ಚಕ್ರ ತಿರುಗ್ಸೋದು ಬರುತ್ತೆ, ಮಣ್ಣು ಎತ್ತಿ ಗಡಿಗೆ ಮಾಡೋದು ಬರಲ್ಲ ಅಜ್ಜಿ. ಇಡೀ ದಿನ ನಾಲ್ಕು ಚಕ್ರ ತಿರುಗಿಸ್ತೀನಲ್ಲ," ಎಂದು ತನ್ನನ್ನು ತಾನೇ ನಗೆಯಾಡಿದ.

ಸಿದ್ರಾ ತನ್ನ ಕರೆಂಟಿನ ಚಕ್ರವನ್ನೇ ಯಲ್ದೂರಿಗೆ ತರುತ್ತೇನೆ ಎಂದಿದ್ದಳು. ಮುನಿಯಲ್ಲಪ್ಪನವರು ಒಪ್ಪಲಿಲ್ಲ. ತಮ್ಮ ಚಕ್ರದ ಮೇಲೆಯೇ ಆಗಬೇಕು ಎಂದರು. ಹಾಲಿನ ಸರದಿ ಮುಗಿಸಿ ಬಂದ ಕದಿರೇಶ ಕೋಲು ಸಿಕ್ಕಿಸಿ ಚಕ್ರ ಬೀಸುವುದು, ಅದು ಓಡುವಷ್ಟು ಹೊತ್ತಿನಲ್ಲಿ ಸಿದ್ರಾ ಗಡಿಗೆ ಎತ್ತುವುದು ಎಂದಾಯಿತು. ಆ ಮನೆಯ ಹೆಂಗಸರು ಚಕ್ರ ಮುಟ್ಟುವ ವಾಡಿಕೆಯಿಲ್ಲ. ಮುತ್ಯಾಲಮ್ಮ ಮಣ್ಣು ತುಳಿದು ಹದ ಮಾಡುತ್ತಾರೆ, ಗಡಿಗೆ ತಟ್ಟುತ್ತಾರೆ, ಒಲೆ ಮತ್ತು ಕಾಳು ತುಂಬುವ ಗುಡಾಣಗಳನ್ನು ಕೈಯಲ್ಲೇ ಕಟ್ಟುತ್ತಾರೆ. ಚಕ್ರಕ್ಕೆ ಕೈ ಇಡುವುದಿಲ್ಲ. ಸಿದ್ರಾ ಆ ಮನೆಯವಳಲ್ಲವಾದ್ದರಿಂದ ಆ ಪ್ರಶ್ನೆ ಬರಲಿಲ್ಲ.

ಅವಳು ಕೂತು ಚೆಂದದೊಂದು ಗಡಿಗೆ ಎತ್ತಿದಳು. ಗೋಡೆ ತೆಳ್ಳಗೆ, ತಳ ಸಪಾಟು. ಮುನಿಯಲ್ಲಪ್ಪನವರು ಕುರ್ಚಿಯಿಂದ ಬಗ್ಗಿ ನೋಡಿ, "ಚೆನ್ನಾಗೈತೆ. ಆದ್ರೆ ತಳ ಯಾಕೆ ಹಾಕ್ದೆ ಮಗಾ?" ಎಂದರು.

"ತಳ ಇಲ್ದೆ ಗಡಿಗೆ ಹೆಂಗೆ ತಾತಾ? ನೀರು ಎಲ್ಲಿ ನಿಲ್ಲುತ್ತೆ?"

ಅವರು ಎಡಗೈ ಆಡಿಸಿ ಹೆಂಡತಿಯ ಕಡೆ ತೋರಿಸಿದರು. "ತಳ ಅವಳು ಹಾಕ್ತಾಳೆ."

ಸಿದ್ರಾ ನಂಬಲಿಲ್ಲ. ಮತ್ತೆ ಎತ್ತಿದಳು. ಈ ಸಲ ದಪ್ಪ ಗೋಡೆ, ಅಡಿಯಲ್ಲಿ ಬರೀ ಬಾಯಿ. ಅದು ಸ್ವಲ್ಪ ಬಿಗಿಯಾದ ಮೇಲೆ ಮುತ್ಯಾಲಮ್ಮ ತೊಡೆಯ ಮೇಲಿಟ್ಟುಕೊಂಡರು. ಒಳಗೆ ಒಂದು ದುಂಡು ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ಹೋದರು. ದಪ್ಪ ಗೋಡೆ ಹಿಗ್ಗುತ್ತಾ ಕೆಳಗೆ ಇಳಿದು, ಮೆಲ್ಲಗೆ ಕೂಡಿ, ದುಂಡಾದ ತಳವಾಗಿ ಮುಚ್ಚಿಕೊಂಡಿತು. ಸಿದ್ರಾ ಮಣ್ಣಿನ ಕೈಯನ್ನೇ ಕೆನ್ನೆಗೆ ಇಟ್ಟುಕೊಂಡು ನೋಡಿದಳು. ಮುತ್ಯಾಲಮ್ಮ ನಕ್ಕು, "ನೀನು ಬಳಿಯೋ ಆ ಗಾಜಿನಂಥ ನೀಲಿ ನಮಗೆ ಬರಲ್ಲ ಬಿಡು. ಆ ಲೋಟ ಅನಸೂಯಮ್ಮೋರ ಮನೇಲಿ ನೋಡಿದೀನಿ. ಆಕಾಶಾನೇ ತೊಳೆದು ಇಟ್ಟಂಗೈತೆ," ಎಂದರು.

ಆಮೇಲೆ ಕೆಲಸ ಹೀಗೇ ಸಾಗಿತು. ನಾನು ಮೂಲೆಯಲ್ಲಿ ಕೂತು ವೀಳ್ಯದೆಲೆ ಒರೆಸುತ್ತಲೋ ಹೂ ಕಟ್ಟುತ್ತಲೋ ಇರುತ್ತಿದ್ದೆ. ಹೊರಗೆ ಮಾವಿನ ಹೂವಿನ ವಾಸನೆ. ಮಣ್ಣು ಬಿಗಿಯಾಗಲು ಕಾಯುವ ಹೊತ್ತಿನಲ್ಲಿ ಸಿದ್ರಾ ಫೋನಿನಲ್ಲಿ ಬೇರೆ ದೇಶಗಳ ಕುಂಬಾರರನ್ನು ತೋರಿಸುತ್ತಿದ್ದಳು. ಇರಾನಿನ ನೀಲಿ ಬಟ್ಟಲು, ಜಪಾನಿನಲ್ಲಿ ಒಡೆದ ಬೋಗುಣಿಗೆ ಅರಗು ಹಚ್ಚಿ ಚಿನ್ನದ ಪುಡಿ ಉದುರಿಸಿ ಕೂಡಿಸಿದ್ದು. ಈಜಿಪ್ಟಿನವನೊಬ್ಬ ಚಕ್ರವನ್ನು ಕಾಲಿನಿಂದ ಒದ್ದು ತಿರುಗಿಸುತ್ತಿದ್ದ.

"ಕಾಲಲ್ಲಾ? ಚಕ್ರಾನ?" ಎಂದು ಮುನಿಯಲ್ಲಪ್ಪನವರು ಬೆಚ್ಚಿದರು. ಚಕ್ರ ಅವರಿಗೆ ದೇವರು. ಆದರೆ ಸ್ವಲ್ಪ ಹೊತ್ತಿನ ಮೇಲೆ, "ಆ ಈಜಿಪ್ಟಿನೋನ್ನ ಇನ್ನೊಂದ್ಸಲ ಹಾಕು," ಎಂದರು. ಅವನ ಕೈಗಳನ್ನೇ ನೋಡುತ್ತಿದ್ದರು.

ಇನ್ನೊಂದು ಚಿತ್ರದಲ್ಲಿ ಆಫ್ರಿಕಾದ ಒಬ್ಬ ಹೆಂಗಸು ನೆಲದ ಮೇಲಿಟ್ಟ ದೊಡ್ಡ ಗಡಿಗೆಯ ಸುತ್ತ ಬಗ್ಗಿಕೊಂಡು ತಾನೇ ಸುತ್ತುತ್ತಾ ಮಣ್ಣಿನ ಸುರುಳಿ ಏರಿಸುತ್ತಿದ್ದಳು.

"ಚಕ್ರ ಎಲ್ಲೈತೆ?" ಎಂದರು ಮುತ್ಯಾಲಮ್ಮ.

"ಇಲ್ಲ ಅವ್ವ. ಚಕ್ರದ ಬದ್ಲು ಅವಳೇ ತಿರುಗ್ತಾಳೆ. ಅಲ್ಲಿ ಎಷ್ಟೋ ಊರಲ್ಲಿ ಹೆಂಗಸರೇ ಕುಂಬಾರರು. ಗಂಡಸರು ಮಾಡೋಲ್ಲ."

"ಮತ್ತೆ ಗಂಡಸರು ಏನ್ ಮಾಡ್ತಾರಂತೆ?"

"ಗೊತ್ತಿಲ್ಲ."

"ಕುರ್ಚೀಲಿ ಕೂತು ತಪ್ಪು ಹೇಳ್ತಿರ್ತಾರೆ," ಎಂದರು ಮುತ್ಯಾಲಮ್ಮ. ಲಕ್ವ ಹೊಡೆದ ಮೇಲೆ ಮುನಿಯಲ್ಲಪ್ಪನವರು ಬಾಯಿಬಿಟ್ಟು ನಕ್ಕದ್ದನ್ನು ನಾನು ಅಂದೇ ನೋಡಿದ್ದು.

ಗಡಿಗೆಗಳು ನೆರಳಿನಲ್ಲಿ ಒಣಗಿದವು. ದೊಡ್ಡದನ್ನು ಸಿದ್ರಾ ಬಹಳ ಕಷ್ಟಪಟ್ಟು ಎತ್ತಿದ್ದಳು. ಕೋಲು ಬೀಸುವ ಚಕ್ರದ ಮೇಲೆ ಅಷ್ಟು ಮಣ್ಣು ಹಿಡಿದು ಅವಳಿಗೆ ಅಭ್ಯಾಸವಿರಲಿಲ್ಲ. ಹಿತ್ತಿಲಿನಲ್ಲಿ ಆವಿಗೆ ಒಟ್ಟಿದರು. ಬೆರಣಿ, ಮಾವಿನ ಪುಳ್ಳೆ, ಅದರ ನಡುವೆ ಗಡಿಗೆಗಳು, ಮೇಲೆ ಹುಲ್ಲು, ಹುಲ್ಲಿನ ಮೇಲೆ ಬೂದಿ, ಮಣ್ಣಿನ ಮೆತ್ತಿಗೆ. ಬೆಳಿಗ್ಗೆ ಮುತ್ಯಾಲಮ್ಮ ಕೈಮುಗಿದು ಬೆಂಕಿ ಇಟ್ಟರು.

ಮಧ್ಯಾಹ್ನದ ಹೊತ್ತಿಗೆ ಆವಿಗೆಯೊಳಗಿನಿಂದ ಟಪ್ ಎಂದು ಒಂದು ಶಬ್ದ ಬಂತು. ದೊಡ್ಡ ಶಬ್ದವೇನಲ್ಲ. ಆದರೂ ಎಲ್ಲರೂ ಆ ಕಡೆ ತಿರುಗಿದೆವು.

"ದೊಡ್ಡದು ಹೋಯ್ತು," ಎಂದರು ಮುನಿಯಲ್ಲಪ್ಪನವರು.

ಬೂದಿ ಆರಿದ ಮೇಲೆ ತೆಗೆದು ನೋಡಿದರೆ ಚಿಕ್ಕವೆಲ್ಲ ಕೆಂಪಗೆ ಚೆನ್ನಾಗಿ ಬೆಂದಿದ್ದವು. ದೊಡ್ಡ ಗಡಿಗೆಗೆ ಕಂಠದಿಂದ ಹೊಟ್ಟೆಯವರೆಗೆ ಸೀಳು. ಸಿದ್ರಾ ದುಪಟ್ಟಾದ ತುದಿಯಲ್ಲಿ ಮುಖ ಮುಚ್ಚಿಕೊಂಡಳು. ಮತ್ತೊಂದನ್ನು ಎತ್ತೋಣವೆಂದರೆ ಕದಿರೇಶನಿಗೆ ಡೇರಿಯಲ್ಲಿ ಎರಡು ಸರದಿಯ ಕೆಲಸ ಬಿದ್ದಿತ್ತು, ಸಿದ್ರಾಳ ಹೆಬ್ಬೆರಳಿನ ಬುಡ ಊದಿಕೊಂಡಿತ್ತು. ಮದುವೆ ಹತ್ತಿರ ಬಂದಿತ್ತು. ದೊಡ್ಡದಿಲ್ಲದೆ ಚಿಕ್ಕವು ಎಷ್ಟಿದ್ದರೂ ಅರಿವೇಣಿಯಾಗುವುದಿಲ್ಲ. ಮುನಿಯಲ್ಲಪ್ಪನವರು ಕುರ್ಚಿಯನ್ನು ಮತ್ತೆ ರಸ್ತೆಯ ಕಡೆ ತಿರುಗಿಸಿಕೊಂಡರು.

"ಹೋಗ್ಲಿ ಬಿಡಿ. ಕೋದಂಡರಾಮಪ್ಪೋರಿಗೆ ಹೇಳಿಬಿಡಿ ತಾಯಿ. ಅಂಗಡೀದೇ ತರಿಸ್ಲಿ."

ಮುತ್ಯಾಲಮ್ಮ ಸಿದ್ರಾಳ ತಲೆ ನೇವರಿಸಿ, ಒಳಗೆ ಹೋಗಿ ಹದವಾದ ಮಣ್ಣಿನ ಮುದ್ದೆ ತಂದು ಅಂಗಳದಲ್ಲಿ ಹಾಕಿದರು. ಹಳೆಯ ಮಡಕೆಯೊಂದನ್ನು ಬೋರಲು ಹಾಕಿ, ಅದರ ತಳಕ್ಕೆ ಬೂದಿ ಉದುರಿಸಿ, ಮೇಲೆ ಮಣ್ಣು ಹರವಿ ತಟ್ಟತೊಡಗಿದರು.

"ಏನ್ ಮಾಡ್ತಿದೀಯೇ?" ಎಂದು ಕುರ್ಚಿಯಿಂದ ಪ್ರಶ್ನೆ ಬಂತು.

"ಗಡಿಗೆ."

"ಚಕ್ರದ ಮೇಲೆ ಹುಟ್ಟದ ಗಡಿಗೆ ಮದ್ವೆಗೆ ಹೋಗಿದ್ದು ನಾನು ನೋಡಿಲ್ಲ."

"ನೀವು ನೋಡಿಲ್ಲ ಅಂದ್ರೆ ಇಲ್ಲವೇ ಇಲ್ಲ ಅಂತಾನಾ? ಆ ಫೋನಲ್ಲಿ ಇದ್ದೋಳು ಏನು ಗಡಿಗೆ ಮಾಡ್ತಿದ್ಲೋ ಇಲ್ಲ ದೋಸೆ ಹುಯ್ತಿದ್ಲೋ? ನಾನೇನು ನಿಮ್ಮ ಚಕ್ರ ಮುಟ್ಟಿದ್ನಾ? ಇಷ್ಟು ವರ್ಷ ಗುಡಾಣ ಕಟ್ಟಿದ ಕೈ ಇದು. ಅದಕ್ಕೆ ಒಂದು ಕಂಠ ಇಟ್ರೆ ಗಡಿಗೆ."

ಮುತ್ಯಾಲಮ್ಮ ತಳವನ್ನು ಬಿಡಿಸಿ, ಹುಲ್ಲಿನ ಸಿಂಬಿಯ ಮೇಲೆ ಕೂರಿಸಿ, ಮಣ್ಣಿನ ಸುರುಳಿ ಏರಿಸುತ್ತಾ ಗಡಿಗೆಯ ಸುತ್ತ ತಾವೇ ತಿರುಗಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿಕೊಂಡು, ಎಪ್ಪತ್ತರ ಹೆಂಗಸು. ಸಿದ್ರಾ ಮಣ್ಣಿನ ಸುರುಳಿ ಹೊಸೆದು ಹೊಸೆದು ಕೈಗೆ ಕೊಟ್ಟಳು. ಸಂಜೆಯಾಗುವಷ್ಟರಲ್ಲಿ ಕುರ್ಚಿ ಮತ್ತೆ ಅಂಗಳದ ಕಡೆ ತಿರುಗಿತ್ತು. ಯಾರೂ ಅದನ್ನು ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ.

"ಎಡಕ್ಕೆ ಸ್ವಲ್ಪ ದಪ್ಪ ಆಯ್ತು," ಎಂದರು ಮುನಿಯಲ್ಲಪ್ಪನವರು ಕೊನೆಗೆ. ಮುತ್ಯಾಲಮ್ಮ ಎಡಕ್ಕೆ ಇನ್ನಷ್ಟು ತಟ್ಟಿದರು.

ಒಲೆಯ ಪಕ್ಕದ ಬೆಚ್ಚಗಿನ ಬೂದಿಯಲ್ಲಿಟ್ಟು, ತಿರುಗಿಸಿ ತಿರುಗಿಸಿ ಒಣಗಿಸಿದರು. ಅದೊಂದಕ್ಕೇ ಬೇರೆ ಆವಿಗೆ ಹಾಕಿದರು. ಈ ಸಲ ಯಾವ ಶಬ್ದವೂ ಬರಲಿಲ್ಲ. ಹೊರಬಂದ ಗಡಿಗೆ ಗಟ್ಟಿಯಾಗಿತ್ತು. ಆದರೆ ಸ್ವಲ್ಪ ಒಂದು ಪಕ್ಕಕ್ಕೆ ವಾಲಿತ್ತು. ಯಾರಾದರೂ ಮಾತಾಡುವಾಗ ಕಿವಿಗೊಟ್ಟು ಕೇಳುವವರು ವಾಲುತ್ತಾರಲ್ಲ, ಹಾಗೆ. ಸುಣ್ಣ ಬಳಿದು ಕೆಮ್ಮಣ್ಣಿನ ಗೆರೆ ಎಳೆದ ಮೇಲೂ ಆ ವಾಲು ಮರೆಯಾಗಲಿಲ್ಲ.

ಧಾರೆಯ ಹಿಂದಿನ ದಿನ ಬೆಳಿಗ್ಗೆ ಕೋದಂಡರಾಮಪ್ಪ ಹೇಳಿದಂತೆಯೇ ಬಂದ. ಫೋನು ಕೈಯಲ್ಲೇ ಇತ್ತು. ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದ ಚಿಕ್ಕ ಗಡಿಗೆಗಳನ್ನು ಬೆರಳಿನಿಂದ ತಟ್ಟಿ ನೋಡಿ ತಲೆಯಾಡಿಸಿದ. ದೊಡ್ಡದರ ಮುಂದೆ ನಿಂತ.

"ಇದು ವಾಲಿದೆಯಲ್ಲ ಮುನಿಯಲ್ಲಪ್ಪ. ಚಕ್ರದ ಮೇಲೆ ಆದದ್ದು ತಾನೇ?"

ಹೌದು ಎಂದರೆ ಮುಗಿಯಿತು. ಮಾವಿನ ತೋಟ ಮಾಡುವ ತಮ್ಮನಿಗೆ ಕಾಯಿ ತಿಳಿಯುತ್ತದೆ, ಗಡಿಗೆ ತಿಳಿಯುವುದಿಲ್ಲ. ಅಲ್ಲ ಎಂದರೆ ಅವನು ಶಾಸ್ತ್ರಕ್ಕೆ ಅಂಜುವವನು, ಫೋನು ಕೈಯಲ್ಲಿದೆ. ಮುತ್ಯಾಲಮ್ಮ ಬಾಗಿಲ ಹಿಂದೆ ಸರಿದರು. ಸಿದ್ರಾ ನೆಲ ನೋಡುತ್ತಿದ್ದಳು.

ಮುನಿಯಲ್ಲಪ್ಪನವರು ಗೋಡೆ ಹಿಡಿದು ಎದ್ದರು.

"ಇಲ್ಲ ಸ್ವಾಮಿ. ಚಕ್ರದ್ದು ಆವಿಗೇಲಿ ಸೀಳಿಹೋಯ್ತು. ಇದು ನನ್ನ ಹೆಂಡ್ತಿ ಕೈಲಿ ಕಟ್ಟಿದ್ದು. ಚಿಕ್ಕವು ಈ ಮಗು ಎತ್ತಿದ್ದು, ತಟ್ಟಿದ್ದು ಅವಳು. ಚಕ್ರ ಬೀಸಿದ್ದು ಕದಿರೇಶ. ನಾನು ಕೂತಿದ್ದೆ ಅಷ್ಟೆ." ಮಾತು ತೊದಲಿದ್ದಕ್ಕೆ ಒಮ್ಮೆ ನಿಂತು, ಉಸಿರು ತೆಗೆದುಕೊಂಡು, ಮುಂದುವರಿಸಿದರು. "ಬೇಡ ಅಂದ್ರೂ ನಾನೇನೂ ಅನ್ನಲ್ಲ. ಆದ್ರೆ ನಮ್ಮ ಮನೇದು ಅಲ್ಲ ಅಂತ ಮಾತ್ರ ಅನ್ಬೇಡಿ. ಇದು ನಮ್ಮ ಮನೇದೇ."

ಬಾಗಿಲ ಹಿಂದೆ ಬಳೆ ಸದ್ದಾಯಿತು.

ನನ್ನ ತಮ್ಮ ಗಡಿಗೆಯನ್ನೇ ನೋಡುತ್ತಾ ನಿಂತ. ಆಮೇಲೆ ಬಗ್ಗಿ, ಎರಡೂ ಕೈಯಲ್ಲಿ ಅದನ್ನು ಎತ್ತಿದ.

"ಎಷ್ಟು ಭಾರ! ನಮ್ಮ ವಾಣಿಶ್ರೀ ಕತ್ತು ಏನಾಗ್ಬೇಕು ಮುತ್ಯಾಲಮ್ಮ?" ಎಂದು ಒಳಗೆ ಕೇಳುವಂತೆ ಕೂಗಿದ.

"ಸಿಂಬಿ ದಪ್ಪಗೆ ಸುತ್ತಿದೀನಿ ಸ್ವಾಮಿ," ಎಂದು ಒಳಗಿನಿಂದ ಉತ್ತರ ಬಂತು.

ಅವನು ಗಡಿಗೆಯನ್ನು ಮೆಲ್ಲಗೆ ಇಳಿಸಿ, ಅಂಗಳಕ್ಕೆ ಹೋಗಿ ಫೋನು ಹಚ್ಚಿದ. "ಸುರೇಶಾ, ನೀನು ಹೂವಿಂದು ಮಾತ್ರ ನೋಡ್ಕೊಳ್ಳಪ್ಪ. ಗಡಿಗೆ ಬೇಡ. ಮನೇದು ಆಗಿದೆ."

ಮಧ್ಯಾಹ್ನ ಇಳಿದ ಮೇಲೆ ವಾಲಗ ಬಂತು. ವಾಲಗದವರು ತಿರುವಿನಲ್ಲಿ ಕಾಣಿಸುವ ಮೊದಲೇ ಮುನಿಯಲ್ಲಪ್ಪನವರು ಮಗನ ಹೆಗಲು ಹಿಡಿದು ಹೊಸಿಲ ಹೊರಗೆ ಬಂದು ನಿಂತಿದ್ದರು. ವಾಣಿಶ್ರೀ ಮೊದಲು ಚಕ್ರಕ್ಕೆ ಅರಿಶಿನ ಕುಂಕುಮ ಇಟ್ಟಳು. ಅಕ್ಕಿ, ಬೆಲ್ಲ, ಕೊಬ್ಬರಿ, ಸೀರೆಯ ಮೊರವನ್ನು ಪದ್ಧತಿಯಂತೆ ಯಜಮಾನರ ಮುಂದೆ ಹಿಡಿಯಬೇಕು. ಅವಳು ಅವರಿಗೆ ಕೈಮುಗಿದು, ಮೊರವನ್ನು ಮುತ್ಯಾಲಮ್ಮನ ಮಡಿಲಿಗೆ ಸುರಿದಳು. ಮುನಿಯಲ್ಲಪ್ಪನವರು ಸಿದ್ರಾಳನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಅವಳ ತಲೆಗೂ ಯಾರೋ ಒಂದು ಮೊಳ ಮಲ್ಲಿಗೆ ಮುಡಿಸಿದರು.

ದೊಡ್ಡ ಗಡಿಗೆ ವಾಣಿಶ್ರೀಯ ತಲೆಗೇರಿತು. ಮೇಲೆ ನಾಲ್ಕು ಜನ ಪಂಚೆಯನ್ನು ಮೇಲ್ಕಟ್ಟಿನಂತೆ ಹಿಡಿದರು. ಚಿಕ್ಕವನ್ನು ಹೊತ್ತವರು ಹಿಂದೆ ಸಾಲಾದರು.

ವಕ್ಕಲೇರಿಯಿಂದ ಬಂದಿದ್ದ ನೆಂಟರ ಹೆಂಗಸೊಬ್ಬಳು ಹೊರಡುವ ಮೊದಲು ಮುನಿಯಲ್ಲಪ್ಪನವರ ಹತ್ತಿರ ನಿಂತಳು. "ಯಜಮಾನ್ರೇ, ವೈಶಾಖದಲ್ಲಿ ನಮ್ಮ ಮಗಳದು. ನಮ್ಮ ಕಡೆ ಮಾಡೋರೇ ಇಲ್ಲ. ನೀವು ಮಾಡ್ಕೊಡ್ತೀರಾ?"

ಅವರು ಗಲ್ಲ ಎತ್ತಿ ಹೆಂಡತಿಯ ಕಡೆ ತೋರಿಸಿದರು. "ಅವಳನ್ನ ಕೇಳಮ್ಮ."

ಮುತ್ಯಾಲಮ್ಮ ಸಾಲಿನ ಕೊನೆಯಲ್ಲಿದ್ದ ಚಿಕ್ಕ ಹುಡುಗಿಯ ತಲೆಯ ಮೇಲೆ ಸಿಂಬಿ ಸರಿಮಾಡುತ್ತಿದ್ದರು. ಹಿಂದಿರುಗಿ ನೋಡದೆಯೇ, "ತಡೀಮ್ಮಾ, ಮೊದ್ಲು ಇವು ಜೋಪಾನವಾಗಿ ಮನೆ ಸೇರ್ಲಿ," ಎಂದರು. ಆಮೇಲೆ ಹುಡುಗಿಯ ಬೆನ್ನು ತಟ್ಟಿ, "ನಡಿ ಕಂದಾ, ನಿಧಾನ. ಮುಂದಿನೋರ ಹೆಜ್ಜೆ ನೋಡ್ಕೊಂಡು ಹೋಗು," ಎಂದು ಕಳಿಸಿಕೊಟ್ಟರು.